ದಸ್ತಿ ಹಾಕಿದ ಸೀಟು

ಜನರಿಂದ ಫಾರಂ ತುಂಬಿಸುವುದರಲ್ಲೇ ನನ್ನ ಆಯುಷ್ಯದ ಮುಕ್ಕಾಲು ಪಾಲು ಕಳೆದಿದೆ. ಯಾದಗಿರಿಯ ಸರಕಾರಿ ಕಚೇರಿಯೊಂದರಲ್ಲಿ ನನ್ನ ಮೇಜಿನ ಮುಂದೆ ನಿಂತವರಿಗೆ, "ಕಲಂ ಒಂಬತ್ತು ಖಾಲಿ ಬಿಟ್ಟೀರಿ, ತುಂಬಿಕೊಂಡು ಬರ್ರಿ" ಎಂದು ಕತ್ತೆತ್ತದೆ ಹೇಳುವುದು ನನ್ನ ಕಸುಬು. ಹೀಗೆ ವಾಪಸು ಕಳಿಸಿದವರ ಶಾಪ ಒಂದಲ್ಲ ಒಂದು ದಿನ ತಟ್ಟುತ್ತದೆ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಿದ್ದಳು. ನಾನು ನಂಬಿರಲಿಲ್ಲ. ಹೋದ ಭಾನುವಾರ ತಟ್ಟಿತು. ಫಾರಂ ಒಂದು ನನ್ನ ಮನೆಗೇ ಬಂತು, ಅದರ ಒಂದು ಕಲಂ ನನ್ನ ಕೈಯಿಂದ ತುಂಬಲಾಗಲಿಲ್ಲ.

ತಂದವಳು ನನ್ನ ಅಣ್ಣನ ಮಗಳು ಸುನೀತಾ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಬೇರೆ ಊರಿಂದ ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗುವವರು ಆ ಕಾರು ಬಿಟ್ಟು ಹೊಸ ನಮೂನೆಯ ಪುಟ್ಟ ಬಂಡಿ ಹತ್ತಲು ತಯಾರಿದ್ದಾರೆಯೇ ಎಂಬುದು ಅವಳ ಪ್ರಾಜೆಕ್ಟು. ನಾನು ಶಹಾಪುರದಿಂದ ಯಾದಗಿರಿಗೆ ದಿನಾ ಕಾರಿನಲ್ಲಿ ಹೋಗಿಬರುವವನಾದ್ದರಿಂದ ಸಿಕ್ಕಿಬಿದ್ದೆ.

"ಎಂಥಾ ಬಂಡಿ ಅದವ್ವ?" ಎಂದು ಕೇಳಿದೆ.

"ಸಣ್ಣ ಡಬ್ಬಿ ಇದ್ದಂಗ ಕಾಕಾ. ಅದಕ್ಕ ಕಂಬದ ಮ್ಯಾಲೆ ಬ್ಯಾರೆ ದಾರಿ. ಡ್ರೈವರ್ ಇರಂಗಿಲ್ಲ. ಗುಂಡಿ ಒತ್ತಿದ್ರ ಬಂದು ನಿಂದರ್ತದ, ಕುಂತ್ರ ನಡುವ ಎಲ್ಲೂ ನಿಂದರದಂಗ ಸೀದಾ ಆಫೀಸಿಗೆ ಒಯ್ತದ. ಯಾರಿಗೂ ಕಾಯೋದು ಬ್ಯಾಡ, ಮಗ್ಗಲಕ್ಕ ಬ್ಯಾರೆದವ್ರು ಯಾರೂ ಕುಂದ್ರಂಗಿಲ್ಲ."

"ಚಲೋ ಆತು ಬಿಡು," ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ. "ನಿಮ್ಮ ಕಾಕಾ ಹೊಡಿಯೋದು ನೋಡಿದ್ರ ಈಗೂ ಆ ಕಾರಿಗೆ ಡ್ರೈವರ್ ಇಲ್ಲದಂಗೇ ಅದ."

ನಾನು ಕೇಳಿಸದವನಂತೆ ಫಾರಂ ನೋಡತೊಡಗಿದೆ. ನಮ್ಮ ಶಹಾಪುರದಲ್ಲಿ ಅಂಥ ಕಂಬ ನಿಂತರೆ ಡಬ್ಬಿ ಬರುವ ಮುಂಚೆ ಯಾರದೋ ಹುಟ್ಟುಹಬ್ಬದ ಬ್ಯಾನರ್ ಅದಕ್ಕೆ ಬಂದಿರುತ್ತದೆ ಎಂದು ಗೊತ್ತಿದ್ದರೂ ಹುಡುಗಿಯ ಮನಸ್ಸು ಯಾಕೆ ನೋಯಿಸಬೇಕೆಂದು ಟಿಕ್ ಹಾಕುತ್ತಾ ಹೋದೆ. ಸಮಯ ಉಳಿದರೆ ಕಾರು ಬಿಡುವಿರಾ? ಹೌದು. ಸುರಕ್ಷಿತವಾಗಿದ್ದರೆ? ಹೌದು. ಹೀಗೆ ಕಣ್ಣುಮುಚ್ಚಿ ಟಿಕ್ ಹಾಕುವವರನ್ನು ಕಚೇರಿಯಲ್ಲಿ ನಾನೇ ಗದರಿಸುತ್ತೇನೆ. ಒಂಬತ್ತನೆಯ ಕಲಮಿಗೆ ಬಂದಾಗ ಪೆನ್ನು ನಿಂತಿತು. 'ಕಾರಿಗೆ ಮೊದಲು ಹೇಗೆ ಪ್ರಯಾಣಿಸುತ್ತಿದ್ದಿರಿ? ಅದನ್ನು ಬಿಟ್ಟ ಕಾರಣವೇನು?'

ಮೊದಲು ನಾನು ಬಸ್ಸಿನವನು. ಸುರಪುರದಿಂದ ಹೊರಡುವ ಬಸ್ಸು ಶಹಾಪುರಕ್ಕೆ ಮುಟ್ಟುವ ಹೊತ್ತಿಗೆ ಅದರಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಹನ್ನೊಂದು ವರ್ಷ ನಾನು ಒಂದು ದಿನವೂ ನಿಂತು ಹೋದವನಲ್ಲ. ಅದಕ್ಕೆ ಕಾರಣ ಮೌಲಾಸಾಬ. ನಮ್ಮ ಕಚೇರಿಯಲ್ಲೇ ಟಪಾಲು ನೋಡುತ್ತಿದ್ದ ಅವನ ಮನೆ ಸುರಪುರದಲ್ಲಿ. ಅಲ್ಲಿ ಬಸ್ಸು ಹತ್ತಿದವನೇ ಮಗ್ಗುಲಿನ ಸೀಟಿನ ಮೇಲೆ ತನ್ನ ನೀಲಿ ಅಂಚಿನ ದಸ್ತಿ ಹಾಸಿಬಿಡುತ್ತಿದ್ದ. ಕರವಸ್ತ್ರಕ್ಕೆ ನಾವು ದಸ್ತಿ ಎನ್ನುತ್ತೇವೆ. ನಮ್ಮ ಬಸ್ಸುಗಳಲ್ಲಿ ದಸ್ತಿ ಬಿದ್ದ ಸೀಟಿಗೆ ಕೋರ್ಟಿನ ಸ್ಟೇ ಸಿಕ್ಕಿದ ಹಾಗೆ. ಆದರೂ ಕಿಟಕಿಯಿಂದ ದಸ್ತಿ ಒಗೆದು ಐದು ನಿಮಿಷ ಸೀಟು ಹಿಡಿಯುವುದು ಬೇರೆ, ಸುರಪುರದಿಂದ ಶಹಾಪುರದ ತನಕ ನಿಂತವರ ಕಣ್ಣೆದುರೇ ಖಾಲಿ ಸೀಟು ಕಾಯುವುದು ಬೇರೆ. "ಇದಕ್ಕ ಯಾರು ದೇವ್ರು ಬರಾಕತ್ತಾನೇನು?" ಎಂದು ಯಾರಾದರೂ ಸಿಟ್ಟಾದರೆ ಮೌಲಾಸಾಬ, "ದೇವ್ರಾದ್ರ ನಿಂತೇ ಬರ್ತಿದ್ದ. ಇಂವ ಶರಣಪ್ಪ ಅದಾನ, ಮೊಣಕಾಲ್ ಬ್ಯಾನಿ ಅವಂಗ" ಎನ್ನುತ್ತಿದ್ದನಂತೆ. ನಾನು ಹತ್ತಿದೊಡನೆ ದಸ್ತಿ ಎತ್ತಿ ಝಾಡಿಸಿ, "ಬಾರೋ ಶರಣ್ಯಾ, ನಿನ್ನ ಸಲುವಾಗಿ ಇವತ್ತ ಮೂರು ಮಂದಿ ಕೂಡ ಜಗಳಾಡೇನಿ" ಎಂದು ಜಾಗ ಕೊಡುತ್ತಿದ್ದ. ನಾನು ಮಹಾರಾಜನಂತೆ ಕೂರುತ್ತಿದ್ದೆ.

ಆಮೇಲೆ ಹಳೆಯ ಕಾರೊಂದನ್ನು ಕೊಂಡೆ. ಮೌಲಾಸಾಬನಿಗೆ ಮೊದಲೇ ಹೇಳಲಿಲ್ಲ. ಅವನಿಗೆ ಆಶ್ಚರ್ಯವಾಗಲಿ ಎಂದು ಸುಮ್ಮನಿದ್ದೆ ಅಂತ ಬಹಳ ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಹೇಳಿದ್ದರೆ ಅವನನ್ನು ಶಹಾಪುರದಲ್ಲಿ ಇಳಿಸಿಕೊಂಡು ಕರೆದೊಯ್ಯಬೇಕಾಗುತ್ತಿತ್ತು. ಅದಕ್ಕಾಗಿ ದಿನಾ ಬಸ್ ಸ್ಟ್ಯಾಂಡಿನೆದುರು ಅವನ ಬಸ್ಸಿಗೆ ಕಾಯಬೇಕಿತ್ತು. ಕಾಯುವುದು ತಪ್ಪಲಿ ಎಂದೇ ತಾನೆ ಕಾರು ಕೊಂಡದ್ದು?

ಮೊದಲ ದಿನ ನಾನು ಹಾಡು ಕೇಳುತ್ತಾ ಭೀಮಾ ಸೇತುವೆ ದಾಟಿ ಕಚೇರಿ ಸೇರಿದೆ. ಅತ್ತ ಶಹಾಪುರದಲ್ಲಿ ಮೌಲಾಸಾಬ, ಶರಣಪ್ಪ ಬಂದೇ ಬರುತ್ತಾನೆಂದು ಕಂಡಕ್ಟರನನ್ನು ಕಾಡಿ ಬೇಡಿ ಐದು ನಿಮಿಷ ಬಸ್ಸು ನಿಲ್ಲಿಸಿ ಎಲ್ಲರಿಂದ ಬೈಸಿಕೊಂಡನಂತೆ. ಕಚೇರಿಗೆ ಬಂದವನು ಅಂಗಳದಲ್ಲಿದ್ದ ಕಾರನ್ನು ಒಂದು ಸುತ್ತು ಹಾಕಿದ. ದಸ್ತಿ ಇನ್ನೂ ಅವನ ಕೈಯಲ್ಲೇ ಇತ್ತು.

"ಭಾರಿ ಅದ ಬಿಡೋ. ಸೀಟ್ ಎಷ್ಟವ?" ಎಂದ.

ಅವನು ಕೇಳಿದ್ದೇನೆಂದು ನನಗೆ ಅರ್ಥವಾಗಿತ್ತು. "ಹೆಸರಿಗೆ ಐದು," ಎಂದೆ. "ಹಿಂದ ಭಾಳ ಇಕ್ಕಟ್ಟಪ್ಪ." ಮುಂದಿನ ಎಡಗಡೆ ಸೀಟು ಇಬ್ಬರ ಕಣ್ಣೆದುರೇ ಖಾಲಿ ಬಿದ್ದಿತ್ತು.

ಮೌಲಾಸಾಬ ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. "ಹೌದ್ರಿ," ಎಂದ. "ಸಣ್ಣ ಕಾರಿನ್ಯಾಗ ಇಕ್ಕಟ್ಟೇ ಇರ್ತದ್ರಿ."

ಅಂದು ಹಚ್ಚಿದ 'ರಿ'ಯನ್ನು ಅವನು ಮತ್ತೆ ತೆಗೆಯಲಿಲ್ಲ. ಹನ್ನೊಂದು ವರ್ಷದ 'ಬಾರೋ ಶರಣ್ಯಾ' ಒಂದು ಬೆಳಿಗ್ಗೆ 'ಬರ್ರಿ ಶರಣಪ್ಪನವ್ರ' ಆಯಿತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಮರ್ಯಾದೆ ಕೊಟ್ಟವನಿಗೆ ಏನು ಹೇಳುವುದು? ನಾಳೆಯಿಂದ ಕಾರಿಗೆ ಬಾ ಎಂದು ಹೇಳಿದರಾಯಿತು ಎಂದುಕೊಳ್ಳುತ್ತಲೇ ದಿನ ದೂಡಿದೆ. ದಾರಿಯಲ್ಲಿ ಎಂದಾದರೂ ಅವನ ಬಸ್ಸನ್ನು ಹಿಂದೆ ಹಾಕಿದರೆ ಹಾರ್ನ್ ಹೊಡೆಯುತ್ತಿದ್ದೆ. ಕಿಟಕಿಯಿಂದ ಸಲಾಂ ಮಾಡುತ್ತಿದ್ದ. ಆ ಸಲಾಮಿನಲ್ಲೂ 'ರಿ' ಇತ್ತು.

ಹೋದ ವರ್ಷ ಮೌಲಾಸಾಬ ಎದೆನೋವಿನಿಂದ ತೀರಿಕೊಂಡ. ಕಚೇರಿಗೆ ಸುದ್ದಿ ಬಂದಾಗ ಮಣ್ಣಿಗೆ ಹೋಗಲು ಎಲ್ಲರಿಗೂ ನನ್ನ ಕಾರು ನೆನಪಾಯಿತು. ಮುಂದೆ ಒಬ್ಬರು, ಹಿಂದೆ ಮೂವರು ಕೂತರು. ಹಿಂದಿನವರಲ್ಲಿ ನಮ್ಮ ಹೆಡ್‌ಕ್ಲಾರ್ಕ್ ಒಬ್ಬರೇ ಇಬ್ಬರ ಜಾಗ ಹಿಡಿಯುವವರು. ಯಾದಗಿರಿಯಿಂದ ಸುರಪುರದವರೆಗೆ ಯಾರೊಬ್ಬರೂ ಇಕ್ಕಟ್ಟು ಎನ್ನಲಿಲ್ಲ. ಇಳಿಯುವಾಗ ಹೆಡ್‌ಕ್ಲಾರ್ಕ್ ನನ್ನ ಹೆಗಲು ತಟ್ಟಿ, "ಭಾಳ ಆರಾಮ ಅದ್ರಿ ನಿಮ್ಮ ಕಾರು" ಎಂದರು. ನಾನು ಅಲ್ಲೇ ಅತ್ತೆ. ಮೌಲಾಸಾಬನಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ಎಲ್ಲರೂ ಸಮಾಧಾನ ಹೇಳಿದರು. ಅದು ಅರ್ಧ ಮಾತ್ರ ನಿಜ.

"ಕಾಕಾ, ಕಲಂ ಒಂಬತ್ತು ಖಾಲಿ ಬಿಟ್ಟೀರಿ," ಎಂದಳು ಸುನೀತಾ, ಫಾರಂ ಪೆನ್ನು ಎರಡನ್ನೂ ತನ್ನ ಕೈಗೆ ತೆಗೆದುಕೊಂಡು. ನನ್ನ ಮಾತು ನನಗೇ ಬಂದು ಬಡಿಯಿತು. "ಬಸ್ಸು ಯಾಕ ಬಿಟ್ರಿ?"

"ಕಾಯೋದು ಬ್ಯಾಸರಾಗಿತ್ತು ಅಂತ ಬರಿ."

"ಹಂಗಾದ್ರ ಈ ಡಬ್ಬಿ ನಿಮಗ ಹೇಳಿ ಮಾಡಿಸಿದಂಗ ಅದ. ಯಾರಿಗೂ ಕಾಯೋದಿಲ್ಲ, ಮಗ್ಗಲಕ್ಕೂ ಯಾರಿಲ್ಲ."

ಅಂಥ ಡಬ್ಬಿ ನನ್ನ ಅಂಗಳದಲ್ಲಿ ಆಗಲೇ ನಿಂತಿದೆ ಎಂದು ಹೇಳಬೇಕೆನಿಸಿತು. ಅವಳು ಬರೆದುಕೊಂಡು ಹಾಳೆ ತಿರುಗಿಸಿದಳು.

"ಇದು ಕಡೀದು. ನಿಮ್ಮ ಕಾರಿನ್ಯಾಗ ಸೀಟ್ ಎಷ್ಟವ?"

ನಾನು ಅಂಗಳದಲ್ಲಿದ್ದ ಕಾರಿನ ಕಡೆ ತಿರುಗಿ ನೋಡಿದೆ.

"ಐದು," ಎಂದೆ. "ಹಿಂದ ಮೂರು ಮಂದಿ ಆರಾಮ ಕುಂದರ್ತಾರ. ಮುಂದಿನ ಸೀಟಂತೂ ಖಾಲೀನೇ ಅದ. ಅದನ್ನೂ ಬರಿಯವ್ವ."

ಸುನೀತಾ ಫಾರಮನ್ನು ಮೇಲಿಂದ ಕೆಳಗೆ ನೋಡಿದಳು.

"ಅದಕ್ಕ ಕಲಂ ಇಲ್ಲ ಕಾಕಾ," ಎಂದಳು.