ಅಂಟದ ಸೀನು

ಸಾಯಿಕುಮಾರ ಆ ದಿನ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಹೆಂಡತಿ, ಮಗಳು ಮನೆಗೆ ಬರುವ ದಿನವೆಂದು ಮನೆ ಗುಡಿಸಿದ.

ಊರಿಗಾಂನ ಹಳೇ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಮನೆ ಗುಡಿಸುವುದೆಂದರೆ ಬೇರೆ ಊರಿನಲ್ಲಿ ಗುಡಿಸಿದ ಹಾಗಲ್ಲ. ಮನೆಯ ಹಿತ್ತಲಿನಾಚೆಗೇ ಸೈನೈಡ್ ಗುಡ್ಡ. ಗಣಿ ನಡೆಸಿದವರು ಚಿನ್ನ ತೆಗೆದುಕೊಂಡು ಹೋದರು, ಅರೆದ ಕಲ್ಲಿನ ಹಿಟ್ಟನ್ನು ಗುಡ್ಡ ಮಾಡಿ ಇಲ್ಲಿಯವರಿಗೆ ಬಿಟ್ಟು ಹೋದರು. ಆಷಾಢ ಮುಗಿದು ಶ್ರಾವಣ ಬಂದರೂ ಆ ವರ್ಷ ಗಾಳಿ ನಿಂತಿರಲಿಲ್ಲ. ಗುಡ್ಡದ ಹಿಟ್ಟು ಕಿಟಕಿ ಸಂದಿಯಿಂದ, ಸೂರಿನ ಸಂದಿಯಿಂದ ಒಳಗೆ ಬಂದು, ಕರೆಯದೇ ಬಂದ ನೆಂಟರ ಹಾಗೆ ಮನೆ ತುಂಬ ಕೂತಿತ್ತು. ಪೊರಕೆ ಆಡಿದ್ದೇ ತಡ, ಅದು ಎದ್ದು ನೆಟ್ಟಗೆ ಸಾಯಿಕುಮಾರನ ಮೂಗಿಗೆ ಹೋಯಿತು.

ಮೊದಲ ಸೀನು ಬಂದಾಗಲೇ ಅವನು ಪೊರಕೆ ಕೆಳಗೆ ಹಾಕಿದ. "ಇವತ್ತು ಬೇಡಪ್ಪಾ, ಇವತ್ತೊಂದಿನ ಬೇಡ" ಎಂದು ತನ್ನ ಮೂಗನ್ನೇ ಬೇಡಿಕೊಂಡ. ಮೂಗು ಸಾಲು ಸೀನುಗಳಲ್ಲಿ ಉತ್ತರ ಕೊಟ್ಟಿತು.

ಅವನ ಭಯಕ್ಕೆ ಕಾರಣವಿತ್ತು. ಹೆಂಡತಿ ಅರ್ಚನ ಬಾಣಂತನಕ್ಕೆಂದು ಬೂದಿಕೋಟೆಯ ತವರಿಗೆ ಹೋಗಿ, ಮಗುವಿಗೆ ಮೂರು ತುಂಬಿ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಮೂರಕ್ಕೇ ಕಳಿಸಬೇಕಾಗಿದ್ದ ಬಾಣಂತಿಯನ್ನು ಅತ್ತೆ ಅಕ್ಕಯ್ಯಮ್ಮ ಕಳಿಸಿರಲಿಲ್ಲ. ಕರೆಯಲು ಹೋದಾಗಲೆಲ್ಲ ಅಳಿಯ ಸೀನುತ್ತಲೇ ಬಾಗಿಲಿಗೆ ಬರುತ್ತಿದ್ದ. "ನೆಗಡಿ ಮನೆಗೆ ಕೂಸು ಕಳ್ಸಲ್ಲ. ಮೂಗು ವಾಸಿ ಮಾಡ್ಕಂಡು ಬರಕ್ ಯೋಳು" ಎಂದು ಆಕೆ ಗಂಡನ ಮೂಲಕ ತೀರ್ಪು ಕೊಟ್ಟಿದ್ದಳು. ಗಂಡನ ಮೂಲಕ ಯಾಕೆಂದರೆ, ಆ ಕಡೆಯ ಹಳೇ ಮನೆಗಳಲ್ಲಿ ಅತ್ತೆ ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಗಂಡನಿಗೋ, ಮಗಳಿಗೋ, ಯಾರೂ ಇಲ್ಲದಿದ್ದರೆ ಕಟ್ಟಿದ ಹಸುವಿಗೋ ಹೇಳುತ್ತಾಳೆ. ಅಳಿಯನಾದವನು ಕೇಳಿಸಿಕೊಳ್ಳಬೇಕು.

ಹೀಗಾಗಿ ಸಾಯಿಕುಮಾರ ತನ್ನ ಮಗಳನ್ನು ಹೊಸಿಲಾಚೆಯಿಂದ ನೋಡಿದ್ದ, ಫೋನಿನಲ್ಲಿ ನೋಡಿದ್ದ, ಎತ್ತಿಕೊಂಡಿರಲಿಲ್ಲ. ಕಾರ್ಖಾನೆಯಲ್ಲಿ ಜೊತೆಯವರು "ಮಗಳು ಎಷ್ಟು ತೂಕ ಇದ್ದಾಳೆ?" ಎಂದು ಕೇಳಿದರೆ ಏನಾದರೂ ಹೇಳಿ ನಗುತ್ತಿದ್ದ. ಒಳಗೆ ಬಹಳ ನೋಯುತ್ತಿತ್ತು. ಕೊನೆಗೆ ಮಾವ ಬಚ್ಚಪ್ಪನೇ ಒಳ್ಳೆಯ ದಿನ ನೋಡಿ ಫೋನ್ ಮಾಡಿದ್ದ. "ಸೋಮ್ವಾರ ಬಾಪ್ಪ. ಗಂಟು ಕಟ್ಟಿ ಇಟ್ಟಿರ್ತೀವಿ. ಒಂದೂ ಸೀನ್ದಂಗೆ ಒಳಕ್ಕೆ ಬಂದ್ಬಿಡು, ಮಿಕ್ಕಿದ್ದು ನಾನು ನೋಡ್ಕಂತೀನಿ."

ಆ ಸೋಮವಾರವೇ ಇದು.

ಸೀನಿನ ಸದ್ದಿಗೆ ಪಕ್ಕದ ಮನೆ ದ್ಯಾವಮ್ಮ ಓಡಿ ಬಂದಳು. ಬೇರೆಯವರ ಕಾಯಿಲೆಯೆಂದರೆ ಆಕೆಗೆ ಹಬ್ಬ.

"ಏನ್ಲಾ ಸಾಯಿ, ಇವತ್ತೂ ಶುರು ಮಾಡ್ಕಂಡ್ಯಾ? ಅರಿಶಿನದ ಕೊಂಬು ಸುಟ್ಟು ಒಗೆ ಎಳ್ಕಳ್ಲಾ. ಮೂಗ್ನಾಗಿರೋದೆಲ್ಲಾ ಕಿತ್ಕಂಡು ಓತದೆ."

"ಬ್ಯಾಡ ದ್ಯಾವಮ್ಮ, ನಂಗೆ ಒಗೆ ಅಂದ್ರೇನೇ..."

ಮಾತು ಮುಗಿಯುವಷ್ಟರಲ್ಲಿ ಕೊಂಬು ಹೊತ್ತಿಯಾಗಿತ್ತು. ದ್ಯಾವಮ್ಮ ಅವನ ಕತ್ತು ಬಗ್ಗಿಸಿ ಹಿಡಿದಳು. ಹೊಗೆ ಮೂಗಿಗೆ ಹೋಯಿತು, ಒಳಗಿದ್ದ ಧೂಳಿಗೆ ಜೊತೆ ಸಿಕ್ಕಿದಂತಾಯಿತು. ಈಗ ಸೀನಿನ ಜೊತೆ ಕೆಮ್ಮೂ ಬಂತು.

ಎದುರು ಮನೆಯ ಆಟೋ ರಾಜ್‌ಕುಮಾರ್ ಹಲ್ಲುಜ್ಜುತ್ತಿದ್ದವನು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ. "ಅಯ್ಯೋ ತಂಬಿ, ಒಗೆ ಎಲ್ಲಾ ವೇಸ್ಟ್! ತೈಲ ಆಕು, ನೀಲಗಿರಿ ತೈಲ. ನಮ್ಮತ್ತೆ ಊಟಿಯಿಂದ ತಂದಿರೋ ಒರಿಜಿನಲ್" ಎಂದು ಹಣೆಗೆ, ಮೂಗಿಗೆ, ಇರಲಿ ಎಂದು ಕಣ್ಣಿನ ರೆಪ್ಪೆಗೂ ಬಳಿದ. ಸಾಯಿಕುಮಾರ ಕಿರುಚಿದ. "ಅದೇ ಅದೇ, ಕೆಲಸ ಮಾಡ್ತಾ ಇದೆ!" ಎಂದು ರಾಜ್‌ಕುಮಾರ್ ಸಂತೋಷಪಟ್ಟ.

ಇಬ್ಬರ ಉಪಕಾರವನ್ನೂ ಹೊತ್ತುಕೊಂಡು ಸಾಯಿಕುಮಾರ ರೈಲು ಹತ್ತಿದ. ಕಣ್ಣು ಕೆಂಡ, ಮೂಗು ಟೊಮೇಟೊ. ಬೆಳಗಿನ ರೈಲಿನಲ್ಲಿ ಸೀಟು ಸಿಗುವುದೆಂದರೆ ಪುಣ್ಯ. ಅವನು ಒಂದು ಸಲ ಸೀನಿದ, ಪಕ್ಕದವನು ಎದ್ದ. ಇನ್ನೊಂದು ಸಲ ಸೀನಿದ, ಎದುರಿನ ಬೆಂಚೇ ಖಾಲಿಯಾಯಿತು. ಕೊರೊನಾ ಹೋಗಿ ವರ್ಷಗಳಾದರೂ ಜನ ಸೀನನ್ನು ಮರೆತಿರಲಿಲ್ಲ. ನಿಂತವರೆಲ್ಲ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ಅವನನ್ನೇ ನೋಡುತ್ತಿದ್ದರು. ಮನುಷ್ಯನಿಗೆ ಅಷ್ಟು ಜಾಗ ಸಿಕ್ಕಿದರೂ ಸುಖವಿಲ್ಲದಿರುವುದು ಎಂದರೇನೆಂದು ಅವನಿಗೆ ಆಗ ಗೊತ್ತಾಯಿತು.

ಬಂಗಾರಪೇಟೆಯಲ್ಲಿ ಇಳಿದಾಗ, ಈ ಮುಖ ಹೊತ್ತುಕೊಂಡು ಅತ್ತೆ ಮನೆಗೆ ಹೋಗುವುದರಲ್ಲಿ ಅರ್ಥವಿಲ್ಲ ಅನ್ನಿಸಿತು. ಸ್ಟೇಷನ್ ರಸ್ತೆಯಲ್ಲಿ ಒಂದು ಕ್ಲಿನಿಕ್ ತೆರೆದಿತ್ತು. ವಯಸ್ಸಾದ ಡಾಕ್ಟರು ಮೂಗಿಗೆ ಟಾರ್ಚು ಬಿಟ್ಟು ನೋಡಿದರು.

"ಜ್ವರ ಬಂದಿತ್ತಾ? ಮೈಕೈ ನೋವು?"

"ಇಲ್ಲ ಸಾರ್."

"ಮೂಗಿನ ನೀರು ಹಳದಿಗಿದೆಯಾ, ತಿಳಿಯಾಗಿದೆಯಾ?"

"ನಮ್ಮ ನಲ್ಲಿ ನೀರಿಗಿಂತ ತಿಳಿ ಸಾರ್."

"ಇದು ನೆಗಡಿ ಅಲ್ಲಪ್ಪ, ಅಲರ್ಜಿ. ಮೈಯೊಳಗೆ ಕಾವಲು ನಾಯಿಗಳಿವೆ ಅಂತ ತಿಳ್ಕೊ. ರೋಗದ ಕ್ರಿಮಿ ಬಂದರೆ ಹಿಡಿದು ಕಚ್ಚೋದು ಅವುಗಳ ಕೆಲಸ. ನಿನ್ನ ನಾಯಿಗಳಿಗೆ ಚುರುಕು ಜಾಸ್ತಿ. ತನ್ನ ಪಾಡಿಗೆ ಹೋಗೋ ಧೂಳನ್ನೂ ಕಳ್ಳ ಅಂದ್ಕೊಂಡು ಊರು ಎಬ್ಬಿಸ್ತವೆ. ಈ ಸೀನು, ಈ ನೀರು, ಈ ನವೆ, ಎಲ್ಲ ಅವುಗಳ ಗಲಾಟೆ."

ಸಾಯಿಕುಮಾರ ಉಸಿರು ಬಿಗಿಹಿಡಿದು ಕೇಳಿದ. "ಸಾರ್, ಇದು ಬೇರೆಯವರಿಗೆ ಅಂಟುತ್ತಾ?"

"ನಿಮ್ಮನೆ ನಾಯಿ ಬೊಗಳಿದರೆ ಪಕ್ಕದ ಮನೆಯವರಿಗೆ ರೇಬೀಸ್ ಬರುತ್ತೇನಯ್ಯಾ?"

ಡಾಕ್ಟರ ಕಾಲಿಗೆ ಬೀಳಬೇಕೆನ್ನಿಸಿತು ಅವನಿಗೆ. ಅವರು ಕೊಟ್ಟ ಮಾತ್ರೆಯನ್ನು ರಾತ್ರಿ ಮಲಗುವಾಗ ಒಂದು ನುಂಗು ಎಂದಿದ್ದರು. ರಾತ್ರಿಯವರೆಗೆ ಕಾಯುವ ಹಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಟೀ ಜೊತೆಗೆ ಒಂದು ನುಂಗಿದ. ಅತ್ತೆಯ ನೆನಪಾಗಿ ಇನ್ನೊಂದು ನುಂಗಿದ.

ಬಸ್ಸು ಬಂಗಾರಪೇಟೆ ದಾಟುವ ಮೊದಲೇ ಮೂಗು ಒಣಗಿತು. ಎಷ್ಟೋ ತಿಂಗಳ ಮೇಲೆ ಎರಡೂ ಹೊಳ್ಳೆಯಲ್ಲಿ ಉಸಿರಾಡಿದ. ಬೂದಿಕೋಟೆ ಬಂದಾಗ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಬಸ್ಸು ಮುಂದೆ ಹೋಗಿ, ಕೊನೆಯ ಹಳ್ಳಿಯಲ್ಲಿ ಕಂಡಕ್ಟರು ಭುಜ ಅಲ್ಲಾಡಿಸಿ ಎಬ್ಬಿಸಿದ.

ಇದೇ ಬಸ್ಸು ಮತ್ತೆ ಹೊರಡುವುದು ಊಟದ ಮೇಲೆ ಎಂದು ಗೊತ್ತಾಗಿ ಸಾಯಿಕುಮಾರ ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದ. ಟ್ರ್ಯಾಕ್ಟರಿನಲ್ಲಿ ಬಣವೆಯಷ್ಟು ಎತ್ತರಕ್ಕೆ ರಾಗಿ ಹುಲ್ಲು. "ಮೇಲೆ ಅತ್ಕೋ ಅಣ್ಣ, ಮೆತ್ಗಿರ್ತದೆ" ಎಂದ ಡ್ರೈವರು. ಮೆತ್ತಗೇನೋ ಇತ್ತು. ಆದರೆ ಹಳೇ ಹುಲ್ಲಿನ ಧೂಳು ಎರಡು ಮಾತ್ರೆಗೆ ಹೆದರುವಂಥದ್ದಲ್ಲ. ಬೂದಿಕೋಟೆಯಲ್ಲಿ ಇಳಿಯುವಾಗ ತಲೆ ತುಂಬ ಹುಲ್ಲು, ಮೂಗಿನೊಳಗೆ ಸಣ್ಣ ಕಚಗುಳಿ. ಬಾಯಿಂದ ಉಸಿರಾಡುತ್ತ, ಮೂಗಿನ ತುದಿ ಒತ್ತಿ ಹಿಡಿದುಕೊಂಡು, ಸೀನದೆ ಅತ್ತೆ ಮನೆಯ ಹೊಸಿಲವರೆಗೆ ಬಂದ. ಅದು ಸಾಮಾನ್ಯ ಸಾಧನೆಯಲ್ಲ.

ಜಗಲಿಯ ಮೇಲೆ ಬಚ್ಚಪ್ಪ ಕಾಯುತ್ತಿದ್ದ. ಒಳಗೆ ಗಂಟುಗಳು ಸಿದ್ಧವಾಗಿದ್ದವು. ಅರ್ಚನ ಹೊಸ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಳು. ಊರಿಗಾಂನ ಆ ಎರಡು ಕೋಣೆಯ ಮನೆಗೆ ಬರಲು ಅವಳಿಗೆ ಎಷ್ಟು ಆತುರವಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಬನ್ನಿ" ಎಂದಳು ಮೆಲ್ಲಗೆ.

ಬಲಗಾಲು ಹೊಸಿಲು ದಾಟಿತು. ಅಷ್ಟು ಹೊತ್ತಿಗೆ ಅಕ್ಕಯ್ಯಮ್ಮ ಮಗುವಿಗೆ ನೀರು ಹಾಕಿ, ತಲೆ ಒಣಗಿಸಲು ಬುಟ್ಟಿಯ ಕೆಳಗೆ ಕೆಂಡವಿಟ್ಟು, ಪ್ರಯಾಣದ ದಿನವೆಂದು ಸಾಂಬ್ರಾಣಿಯನ್ನು ಧಾರಾಳವಾಗಿ ಹಾಕಿದ್ದಳು. ಬಿಳೀ ಹೊಗೆ ಸುರುಳಿ ಸುತ್ತುತ್ತ ನಡುಮನೆಗೆ ಬಂತು.

ಸಾಯಿಕುಮಾರ ಸೀನಿದ. ಸೂರಿನ ಗುಬ್ಬಿ ಹಾರಿಹೋಯಿತು. ಕೊಟ್ಟಿಗೆಯ ಹಸು ತಲೆಯೆತ್ತಿತು. ಬಚ್ಚಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಸೀನು ನಿಂತಾಗ ಒಳಬಾಗಿಲು ಮುಚ್ಚಿತ್ತು.

"ಅಳಿಯಂದ್ರಿಗೆ ಜಗಲಿ ಮ್ಯಾಲೇ ಕುಂತ್ಕಳಕ್ ಯೋಳು" ಎಂದಿತು ಬಾಗಿಲ ಹಿಂದಿನ ದನಿ. "ಕಾಪಿ ಅಲ್ಲಿಗೇ ಕಳ್ಸ್ತೀನಿ. ಗಂಟು ಇವತ್ತು ಓಗಲ್ಲ."

"ಅತ್ತೆ, ಇದು ನೆಗಡಿ ಅಲ್ಲ! ಡಾಕ್ಟ್ರು ಯೋಳವ್ರೆ!"

"ಡಾಕ್ಟ್ರು ನೂರು ಯೋಳ್ತಾರೆ. ಮೂಗು ಯೋಳಿದ್ದು ನಾನು ಕೇಳಿದ್ನಲ್ಲ" ಎಂದು ಅಕ್ಕಯ್ಯಮ್ಮ ಬಾಗಿಲಿಗೇ ಹೇಳಿದಳು.

ಕಿಟಕಿಯ ಕಂಬಿಯ ಹಿಂದೆ ಅರ್ಚನಳ ಮುಖ ಕಂಡಿತು. ಕಣ್ಣು ತುಂಬಿತ್ತು. "ಇನ್ನೂ ಎಷ್ಟು ದಿನಾ ರೀ?" ಎಂದಳು. ಅವನು ತಲೆಯಿಂದ ರಾಗಿ ಹುಲ್ಲು ಕೀಳುತ್ತ ಜಗಲಿಯ ಮೇಲೆ ಕೂತ.

ಅಷ್ಟರಲ್ಲಿ ದೇವರು ಕಳಿಸಿದ ಹಾಗೆ ಆರೋಗ್ಯ ಕೇಂದ್ರದ ಸಿಸ್ಟರ್ ಶಶಿರೇಖ ಬಂದರು. ಹಿಂದಿನ ವಾರ ಮಗುವಿಗೆ ಇಂಜೆಕ್ಷನ್ ಹಾಕಿದ್ದರಿಂದ ನೋಡಿಕೊಂಡು ಹೋಗಲು ಬಂದಿದ್ದರು. ಅವರ ಮಾತೆಂದರೆ ಅಕ್ಕಯ್ಯಮ್ಮನಿಗೂ ಗೌರವ. ಸಾಯಿಕುಮಾರ ಎದ್ದು ನಿಂತು, ಬೆಳಿಗ್ಗೆಯಿಂದ ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಅವರು ಥರ್ಮಾಮೀಟರ್ ಇಟ್ಟರು, ಗಂಟಲು ನೋಡಿದರು.

"ಜ್ವರ ಇಲ್ಲ, ಏನೂ ಇಲ್ಲ. ಅಲರ್ಜಿನೇ ಅಕ್ಕಯ್ಯಮ್ಮ, ಹೆದರಬೇಡಿ. ಪಾಪುಗೆ ಇಂಜೆಕ್ಷನ್ ಹಾಕಿದ ರಾತ್ರಿ ಮೈ ಬೆಚ್ಚಗಾಗಿತ್ತಲ್ಲ, ಅದು ಮೈಯೊಳಗಿನ ಕಾವಲಿನವರು ರೋಗದ ಜೊತೆ ಹೊಡೆದಾಡೋದನ್ನ ಕಲಿತಿದ್ದು. ಇವರ ಕಾವಲಿನವರು ಧೂಳಿನ ಜೊತೆ ಹೊಡೆದಾಡ್ತಾರೆ. ಅಷ್ಟೇ ವ್ಯತ್ಯಾಸ."

ಬಾಗಿಲು ಸ್ವಲ್ಪ ತೆರೆಯಿತು. "ಅಂಟಲ್ವಾ ಅಂತ ಕೇಳು" ಎಂದಳು ಅಕ್ಕಯ್ಯಮ್ಮ ಗಂಡನಿಗೆ.

"ಅಂಟಲ್ಲ" ಎಂದರು ಸಿಸ್ಟರ್.

ಸಾಯಿಕುಮಾರನಿಗೆ ಆನೆ ಬಲ ಬಂತು. ಇಷ್ಟು ತಿಂಗಳು ನುಂಗಿದ್ದೆಲ್ಲ ಬಾಯಿಗೆ ಬಂತು. "ಯೋಳಿ ಮಾವ, ಅತ್ತೆಗೆ ಯೋಳಿ! ನನ್ನಾಗೆ ಏನೂ ರೋಗ ಇಲ್ಲ. ಎಲ್ಲಾ ಆ ಊರಿಗಾಂ ಧೂಳು! ಕಿಟಕಿ ಮುಚ್ಚಿದ್ರೂ ಬತ್ತದೆ. ಆಸ್ಗೆ ಮ್ಯಾಲೆ ಧೂಳು, ಅನ್ನದ ತಟ್ಟೇನಾಗೆ ಧೂಳು, ರಾತ್ರಿ ಮಲಗಿದ್ರೆ ಬೆಳಿಗ್ಗೆ ರೆಪ್ಪೆ ಮ್ಯಾಲೆ ಧೂಳು. ಆ ಮನೇನಾಗೆ ಎಂತಾ ಗಟ್ಟಿ ಮನ್ಸಂಗೂ ಮೂಗು ಕೆಡ್ತದೆ. ನಂದೇನು ತಪ್ಪು?"

ವಾದ ಚೆನ್ನಾಗಿತ್ತು. ಬಚ್ಚಪ್ಪ ತಲೆದೂಗಿದ. ಆಮೇಲೆ ಬಾಗಿಲು ಪೂರ್ತಿ ತೆರೆಯಿತು. ಸಾಂಬ್ರಾಣಿಯ ಕೆಂಡಕ್ಕೆ ನೀರು ಬಿದ್ದ ಸದ್ದು ಕೇಳಿಸಿತು. "ಅಳಿಯಂದ್ರು ಕೈಕಾಲು ತೊಳ್ಕಂಡು ಬರ್ಲಿ. ಕೂಸ್ನ ಎತ್ಕಳ್ಲಿ."

ಅರ್ಚನ ಮಗಳನ್ನು ತಂದು ಅವನ ಕೈಗಿಟ್ಟಳು. ಬೆಚ್ಚಗೆ, ಎಣ್ಣೆಯ ವಾಸನೆಯ, ಹತ್ತಿಯ ಹಾಗಿನ ಮಗು. ಫೋನಿನಲ್ಲಿ ತೂಕವಿರಲಿಲ್ಲ, ಇಲ್ಲಿ ತೂಕವಿತ್ತು. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಮಗು ಅವನ ಕೆಂಪು ಮೂಗನ್ನು ದಿಟ್ಟಿಸಿ ನೋಡಿತು, ಬಾಯಿ ಓರೆ ಮಾಡಿತು, ಪುಟ್ಟದಾಗಿ ಸೀನಿತು.

"ನೋಡಿ ಮಾವ!" ಎಂದು ಸಾಯಿಕುಮಾರ ಕೂಗಿದ. "ಥೇಟ್ ನಂದೇ ಮೂಗು! ನಮ್ಮಪ್ಪಂಗೂ ಇಂಗೇ, ನಮ್ಮ ತಾತಂಗೂ ಇಂಗೇ!"

ಸಿಸ್ಟರ್ ನಕ್ಕರು. "ಎಳೇ ಮಕ್ಕಳು ಸುಮ್ಮನೇ ಸೀನ್ತಾವೆ ಬಿಡಿ. ಆದರೂ ಅಲರ್ಜಿ ವಂಶದಲ್ಲಿ ಬರೋದು ಉಂಟು."

ಎಲ್ಲರೂ ನಗುತ್ತಿದ್ದರು. ಅಕ್ಕಯ್ಯಮ್ಮ ಮಾತ್ರ ನಗಲಿಲ್ಲ. ಸೆರಗು ಹೊದ್ದು ಮುಂದೆ ಬಂದು, ಅಳಿಯನ ಕೈಯಿಂದ ಮಗುವನ್ನು ಮೆತ್ತಗೆ ತೆಗೆದುಕೊಂಡಳು. ದನಿಯಲ್ಲಿ ಕೋಪವಿರಲಿಲ್ಲ.

"ಸಿಸ್ಟ್ರಮ್ಮ ಯೋಳಿದ್ದು ನಂಗೆ ಈಗ ಅರ್ತ ಆಯ್ತು. ಅಳಿಯಂದ್ರದೇನೂ ತಪ್ಪಿಲ್ಲ. ಇಷ್ಟು ದಿನ ಅವ್ರನ್ನ ಆಚೆ ಕುಂಡ್ರಿಸಿದ್ದು ನಂದೇ ತಪ್ಪು. ರೋಗ ಮನ್ಸಂದಲ್ಲ, ಆ ಮನೇದು. ಅದೇ ರಕ್ತದ ಕೂಸ್ನ ಅಂತಾ ಮನೆಗೆ ಎಂಗೆ ಕಳ್ಸಾದು? ಅರ್ಚನಾ, ಗಂಟು ಬಿಚ್ಚಮ್ಮ."

ಸಾಯಿಕುಮಾರ ಮಾವನ ಕಡೆ ತಿರುಗಿದ. "ಮಾವ, ಧೂಳು ಅಷ್ಟೇನಿಲ್ಲ ಮಾವ..."

"ಅನ್ನದ ತಟ್ಟೇನಾಗೂ ಇರ್ತದೆ ಅಂತ ಈಗ್ತಾನೇ ಯೋಳಿದ್ರಲ್ಲ" ಎಂದಳು ಅಕ್ಕಯ್ಯಮ್ಮ, ಕೊಟ್ಟಿಗೆಯ ಕಡೆ ತಿರುಗಿ.

"ಇಲ್ಲೂ ಸಾಂಬ್ರಾಣಿ ಒಗೆ ಐತಲ್ಲ!"

"ಸಾಂಬ್ರಾಣಿ ಇವತ್ತಿಂದ ನಿಲ್ಲಿಸ್ತೀನಿ. ಆ ಗುಡ್ಡನ ಅವ್ರು ನಿಲ್ಲಿಸ್ತಾರಾ ಕೇಳು."

ಸಾಯಿಕುಮಾರ ಸಿಸ್ಟರ ಮುಖ ನೋಡಿದ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಧೂಳು ಕಮ್ಮಿ ಇರೋ ಕಡೆ ಇದ್ದರೆ ಮಗೂಗೆ ಒಳ್ಳೇದೇ ಸಾರ್" ಎಂದು ಚೀಲ ತೆಗೆದುಕೊಂಡು ಹೊರಟರು. ಬಚ್ಚಪ್ಪ ಕಂಬ ನೋಡುತ್ತ ಕೂತ. ಅರ್ಚನ ನೆಲದ ಮೇಲೆ ಕೂತು ಗಂಟು ಬಿಚ್ಚತೊಡಗಿದಳು. ಬೆಳಿಗ್ಗೆ ಅವಳೇ ಬಿಗಿಯಾಗಿ ಹಾಕಿದ್ದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ.

ಹೊರಡುವಾಗ ಅಕ್ಕಯ್ಯಮ್ಮ ಅಳಿಯನಿಗೆ ಬುತ್ತಿ ಕಟ್ಟಿಸಿಕೊಟ್ಟಳು. "ಇನ್ಮ್ಯಾಕೆ ಅವ್ರು ಯಾವಾಗ ಬೇಕಾದ್ರೂ ಬರ್ಲಿ, ಎಷ್ಟು ಬೇಕಾದ್ರೂ ಸೀನ್ಲಿ. ಈ ಮನೇನಾಗೆ ಯಾರೂ ಏನೂ ಅನ್ನಲ್ಲ ಅಂತ ಯೋಳು" ಎಂದು ಗಂಡನಿಗೆ ಹೇಳಿದಳು. ಮನಸ್ಸಿನಿಂದಲೇ ಹೇಳಿದಳು.

ಸಂಜೆಯ ರೈಲಿನಲ್ಲಿ ಸಾಯಿಕುಮಾರ ಕಿಟಕಿಯ ಪಕ್ಕ ಕೂತಿದ್ದ. ಮಧ್ಯಾಹ್ನ ಒಂದು ಮಳೆ ಬಿದ್ದು ಗಾಳಿ ನಿಂತಿತ್ತು, ಧೂಳು ಅಡಗಿತ್ತು. ಮೂಗು ಸ್ವಚ್ಛವಾಗಿತ್ತು. ಕಣ್ಣಿನಿಂದ ಮಾತ್ರ ನೀರು ಒಂದೇ ಸಮನೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಮಡಿಲಿನ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಚೆ ಸರಿದಳು.

"ಇದು ಅಂಟಲ್ಲಮ್ಮ" ಎಂದ ಅವನು. ಆಕೆ ನಂಬಲಿಲ್ಲ.