ಸಣ್ಣದಿನ್ನಿಯ ಸಂರಕ್ಷಿತ ಮುದಿಯಪ್ಪ

ಸಣ್ಣದಿನ್ನಿ ಗ್ರಾಮದ ಮುದಿಯಪ್ಪ, ವಯಸ್ಸು ಎಪ್ಪತ್ತೆರಡು, ಕುರಿ ಕಾಯುವುದನ್ನು ಬಿಟ್ಟು ಒಂಬತ್ತು ವರ್ಷ, ಎಂಬವನನ್ನು ಕಳೆದ ಶ್ರಾವಣದಲ್ಲಿ ಗ್ರಾಮ ಗುರುತು ಮಂಡಳಿಯು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಘೋಷಣೆಯ ಹೊತ್ತಿಗೆ ಅವನು ಜೀವಂತ ಇದ್ದ. ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲವೆಂದು ಮಂಡಳಿ ಆಗಲೇ ಸ್ಪಷ್ಟಪಡಿಸಿದೆ.

ಹಿನ್ನೆಲೆ ಇಷ್ಟೇ. ದೇಶದ ಪ್ರತಿಯೊಂದು ಹಳ್ಳಿಗೂ ನಕಾಶೆಯ ಮೇಲೆ ಕನಿಷ್ಠ ಒಂದು ಗುರುತು ಇರತಕ್ಕದ್ದು, ಇಲ್ಲದಿದ್ದರೆ ಆ ಹಳ್ಳಿಯನ್ನು ಬೇಚರಾಕ್, ಅಂದರೆ ಜನವಸತಿ ಇಲ್ಲದ ಊರು, ಎಂದು ಬರೆದುಕೊಳ್ಳತಕ್ಕದ್ದು ಎಂದು ಮಂಡಳಿ ನಿಯಮ ಮಾಡಿತ್ತು. ಬೇಚರಾಕ್ ಊರಿಗೆ ಸಾಲಿ ಇರುವುದಿಲ್ಲ, ಬಸ್ಸು ನಿಲ್ಲುವುದಿಲ್ಲ. ಮಂದಿಯೇ ಇಲ್ಲದ ಮೇಲೆ ಅವೆಲ್ಲ ಯಾತಕ್ಕೆ? ಅಲ್ಲಿಯ ಮಂದಿ ಎದ್ದು ನಿಂತು ನಾವಿದ್ದೇವೆ ಎಂದು ಕೂಗಿದರೆ ಅದನ್ನು ಆಧಾರವಿಲ್ಲದ ಮೌಖಿಕ ಹೇಳಿಕೆ ಎಂದು ಪರಿಗಣಿಸಲಾಗುತ್ತದೆ.

ಗುರುತು ಹುಡುಕಲು ಬಂದವನು ಮಂಡಳಿಯ ಕ್ಷೇತ್ರ ಅಧಿಕಾರಿ ಪ್ರಭುರಾಜ. ಅವನ ಮೊಬೈಲಿನಲ್ಲಿ ಕೋಟೆ, ಜಲಪಾತ, ಶಾಸನ, ಗುಡಿ, ಇತರೆ ಎಂದು ಪಟ್ಟಿ ಇತ್ತು. ಸಣ್ಣದಿನ್ನಿಯಲ್ಲಿ ಕೋಟೆ ಇರಲಿಲ್ಲ. ಜಲಪಾತದ ಮಾತು ದೂರ ಉಳಿಯಿತು, ನಳಕ್ಕೇ ನೀರು ಎಂಟು ದಿನಕ್ಕೊಮ್ಮೆ. ಹನುಮಪ್ಪನ ಗುಡಿಯನ್ನು ಹಾಕಿ ನೋಡಿದ. ಒಂದೇ ಹೆಸರಿನ ಗುರುತನ್ನು ತಂತ್ರಾಂಶ ಎರಡನೇ ಸಲ ತೆಗೆದುಕೊಳ್ಳುವುದಿಲ್ಲ, ಹನುಮಪ್ಪನನ್ನು ಆಗಲೇ ಕುಷ್ಟಗಿ ಕಡೆಯ ಯಾವುದೋ ಊರು ಹಿಡಿದುಬಿಟ್ಟಿತ್ತು.

ಹೊತ್ತು ಏರಿತು, ಪ್ರಭುರಾಜ ಬೆವೆತ. ಕೊನೆಗೆ ಪಂಚಾಯತಿ ಮೆಂಬರ ದ್ಯಾಮಣ್ಣನನ್ನು ಕೇಳಿದ: ಹೊರಗಿನವರು ಈ ಊರು ಹೆಂಗ ಹುಡುಕ್ಕೊಂಡು ಬರ್ತಾರ?

"ಕುಕನೂರ ಕಡಿಂದ ಬಂದ್ರ ಕ್ರಾಸಿನ್ಯಾಗ ಮುದಿಯಪ್ಪ ಕುಂತಿರ್ತಾನ್ರಿ. ಅಲ್ಲೇ ಬಲಕ್ಕ ಹೊಳ್ಳೂದು," ಎಂದ ದ್ಯಾಮಣ್ಣ. "ನೀವೂ ಹಂಗ ಬಂದಿರಲ್ರಿ ಸಾಹೇಬ್ರ?"

ಅದು ಖರೆ. ಒಂಬತ್ತು ವರ್ಷದಿಂದ ಮುದಿಯಪ್ಪ ಕ್ರಾಸಿನ ಜಾಲಿ ಮರದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಬಂದುಹೋಗುವವರನ್ನು ಮಾತಾಡಿಸುತ್ತಿದ್ದ. ಬೀಗರು ಬರಲಿ, ಸಾಲಿ ಮಾಸ್ತರರು ಬರಲಿ, ಫೋನಿನಲ್ಲಿ ದಾರಿ ಹೇಳುವಾಗ ಊರಿನವರೆಲ್ಲ ಮುದಿಯಪ್ಪನ ಗುರುತನ್ನೇ ಹೇಳುತ್ತಿದ್ದರು. ಪ್ರಭುರಾಜ 'ಇತರೆ' ಒತ್ತಿದ. ನಿರ್ಮಿಸಿದವರು ಯಾರು ಎಂಬಲ್ಲಿ ಮುದಿಯಪ್ಪನ ತಂದೆಯ ಹೆಸರು ಬರೆದ. ಸ್ಥಿತಿ ಎಂಬಲ್ಲಿ 'ಭಾಗಶಃ ಶಿಥಿಲ, ಎಡ ಮೊಣಕಾಲು' ಎಂದು ಬರೆದ. ಕೆಲಸ ಚೊಕ್ಕ ಮಾಡುವ ಹುಡುಗ.

ಹದಿನೈದು ದಿನಕ್ಕೆ ಪ್ರಕಟಣೆ ಬಂತು. "ಸದರಿ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯವಾಗಿರುತ್ತದೆ. ಅದನ್ನು ಸ್ಥಳಾಂತರಿಸುವುದು, ವಿರೂಪಗೊಳಿಸುವುದು ಅಥವಾ ಅದರ ಮೇಲೆ ಹೆಸರು ಕೆತ್ತುವುದು ಶಿಕ್ಷಾರ್ಹ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಉಪಗ್ರಹವು ಅದರ ಚಿತ್ರ ತೆಗೆಯುತ್ತದೆ. ಮೂರು ಸಲ ಕಾಣದೆ ಹೋದಲ್ಲಿ ಗ್ರಾಮವನ್ನು ಬೇಚರಾಕ್ ಎಂದು ಪರಿಗಣಿಸಲಾಗುವುದು. ಸ್ಮಾರಕಕ್ಕೆ ಐತವಾರದ ರಜೆ ಇರುವುದಿಲ್ಲ."

ಊರು ಉಳಿಯಿತೆಂದು ಎಲ್ಲರೂ ಪೇಢೆ ತಿಂದರು. ಸುತ್ತ ಕಬ್ಬಿಣದ ಬೇಲಿ ಹಾಕುವ ಗುತ್ತಿಗೆ ದ್ಯಾಮಣ್ಣನಿಗೆ ಸಿಕ್ಕಿತು. ಬೋರ್ಡು, ವಿದ್ಯುದ್ದೀಪ, ಪ್ರವಾಸಿಗರ ಶೌಚಾಲಯ ಅವನಿಗೇ ಸಿಕ್ಕವು. ಶೌಚಾಲಯದಲ್ಲಿ ಅವನು ತನ್ನ ತೊಗರಿ ಚೀಲ ಇಟ್ಟು ಕೀಲಿ ಹಾಕಿಕೊಂಡ. ಮುದಿಯಪ್ಪ ಕೀಲಿ ಕೇಳಿದಾಗ, ಅದು ಪ್ರವಾಸಿಗರದ್ದು, ನೀನು ಪ್ರವಾಸಿ ಅಲ್ಲ ಎಂದು ನಿಯಮ ತಿಳಿಸಿದ. ನಾವಿಗನು ಕ್ಷೌರಕ್ಕೆ ಬಂದರೆ ಅದು ವಿರೂಪಗೊಳಿಸುವಿಕೆಯೋ ಜೀರ್ಣೋದ್ಧಾರವೋ ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಮುದಿಯಪ್ಪನ ಗಡ್ಡ ಎದೆಯವರೆಗೆ ಇಳಿಯಿತು.

ಮೊದಮೊದಲು ಅವನಿಗೆ ಬೇಸರವೇನೂ ಆಗಲಿಲ್ಲ. ಹೆಂಗಿದ್ದರೂ ಕೂಡುವವನೇ. ಆದರೆ ತಾನಾಗಿ ಕೂಡುವುದಕ್ಕೂ ಆದೇಶದ ಮೇಲೆ ಕೂಡುವುದಕ್ಕೂ ಭಾಳ ಫರಕು ಐತಿ ಎಂಬುದು ಎರಡನೇ ತಿಂಗಳಿಗೆ ಅವನ ಸೊಂಟಕ್ಕೆ ತಿಳಿಯಿತು. ಅಷ್ಟರಲ್ಲಿ ಎರಡು ಸಲ ಉಪಗ್ರಹಕ್ಕೆ ಅವನು ಕಂಡಿರಲಿಲ್ಲ. ಒಮ್ಮೆ ಜ್ವರ ಬಂದು ಮಲಗಿದ್ದ. ಇನ್ನೊಮ್ಮೆ, ಶೌಚಾಲಯಕ್ಕೆ ಕೀಲಿ ಬಿದ್ದದ್ದರಿಂದ, ಜಾಲಿ ಪೊದೆಯ ಹಿಂದಕ್ಕೆ ಹೋಗಿದ್ದ.

ಆಗ ಕಿನ್ನಾಳದಿಂದ ಸುದ್ದಿ ಬಂತು. ಅವನ ಅಕ್ಕ ಹುಲಗಮ್ಮ ಹಾಸಿಗೆ ಹಿಡಿದಿದ್ದಳು. ಅವ್ವ ಸತ್ತಾಗ ಮುದಿಯಪ್ಪನಿಗೆ ಎರಡು ವರ್ಷ. ಹುಲಗಮ್ಮನೇ ಅವನನ್ನು ಬಗಲಲ್ಲಿ ಹೊತ್ತುಕೊಂಡು ಕುರಿ ಕಾಯ್ದಿದ್ದಳು, ತನ್ನ ರೊಟ್ಟಿ ಅವನಿಗೆ ಮುರಿದು ಕೊಟ್ಟಿದ್ದಳು. ಈಗ ಕಣ್ಣು ಪೂರಾ ಮಂಜಾಗಿ, ಬಾಗಿಲ ಸಪ್ಪಳ ಆದಾಗೊಮ್ಮೆ ತಮ್ಮ ಬಂದನೇನು ಎಂದು ಕೇಳುತ್ತಾಳಂತೆ. ಕಿನ್ನಾಳವೇನು ಕಾಶಿಯಲ್ಲ, ಬಸ್ಸಿಗೆ ಒಂದೂವರೆ ತಾಸಿನ ದಾರಿ. ಮುದಿಯಪ್ಪ ಹೆಗಲಿಗೆ ಟವೆಲ್ಲು ಹಾಕಿಕೊಂಡು ಎದ್ದ.

ಬಸ್ಸು ನಿಂತಿತು. ಕಂಡಕ್ಟರ್ ಬೋರ್ಡು ಓದಿ, ಸಂರಕ್ಷಿತ ವಸ್ತುವನ್ನು ಸಾಗಿಸಿದರೆ ತನ್ನ ನೌಕರಿ ಹೋಗುತ್ತದೆ ಎಂದು ಕೈ ಮುಗಿದ. ಅಷ್ಟೊತ್ತಿಗೆ ದ್ಯಾಮಣ್ಣ ಊರಿನವರನ್ನು ಕಟ್ಟಿಕೊಂಡು ಓಡಿ ಬಂದ.

"ಕಾಕಾ, ಇನ್ನೊಂದ್ ಸಲ ನೀ ಕಾಣ್ಲಿಲ್ಲ ಅಂದ್ರ ಸಾಲಿ ಮುಚ್ಚತೈತಿ. ಇಪ್ಪತ್ತಾರು ಹುಡುಗ್ರು ಅದಾವು. ನಿನಗ ಹೆಂಗ ಮನಸ ಬರತೈತಿ?"

ಇಪ್ಪತ್ತಾರು ಹುಡುಗರನ್ನೂ ಸಾಲಿ ಬಿಡಿಸಿ ಅಲ್ಲಿಗೆ ಕರೆತಂದು ಸಾಲಾಗಿ ನಿಲ್ಲಿಸಲಾಗಿತ್ತು. ಮುದಿಯಪ್ಪ ಒಮ್ಮೆ ಅವರನ್ನು ನೋಡಿದ, ಒಮ್ಮೆ ಬಸ್ಸನ್ನು ನೋಡಿದ, ಹೋಗಿ ಕಲ್ಲಿನ ಮೇಲೆ ಕುಳಿತ. ಊರಿನವರು ಎಂಥ ದೊಡ್ಡ ಮನುಷ್ಯ ಎಂದು ಹೊಗಳಿ ಮನೆಗೆ ಹೋದರು.

ಅರ್ಜಿ ಬರೆಯಲಾಯಿತು. ಸ್ಥಳಾಂತರದ ಕಾರಣ ಎಂಬಲ್ಲಿ ಮುದಿಯಪ್ಪ 'ಅಕ್ಕನ ಮಾರಿ ನೋಡಾಕ' ಎಂದು ಬರೆಸಿದ. ಮಂಡಳಿಯ ಕೊಪ್ಪಳ ಶಾಖೆ ಅರ್ಜಿ ತೆಗೆದುಕೊಳ್ಳುತ್ತದೆ, ಕುಷ್ಟಗಿ ಶಾಖೆ ಓದುತ್ತದೆ, ಗಂಗಾವತಿ ಶಾಖೆ ಸಹಿ ಮಾಡುತ್ತದೆ, ಯಲಬುರ್ಗಾ ಶಾಖೆ ಸಹಿ ಸರಿಯಿಲ್ಲವೆಂದು ವಾಪಸು ಕಳಿಸುತ್ತದೆ. ಈ ವ್ಯವಸ್ಥೆಯಿಂದ ನಾಲ್ಕೂ ಊರಿಗೆ ಸಮಾನ ಅಭಿವೃದ್ಧಿ ದೊರೆತಿದೆ. ಇಪ್ಪತ್ತೊಂದನೇ ದಿನ ಉತ್ತರ ಬಂತು. ಮಂಡಳಿಯು ಅತ್ಯಂತ ಸಹಾನುಭೂತಿಯಿಂದ ಪರಿಶೀಲಿಸಿ, ಅದೇ ಜಾಗದಲ್ಲಿ ಅಧಿಕೃತ ಪ್ರತಿಕೃತಿಯೊಂದನ್ನು ಕೂಡಿಸುವ ಷರತ್ತಿನ ಮೇಲೆ, ಒಂದು ದಿನದ ಮಟ್ಟಿಗೆ ಸ್ಮಾರಕವನ್ನು ಕಿನ್ನಾಳಕ್ಕೆ ಸಾಗಿಸಲು ಒಪ್ಪಿತ್ತು.

ಪ್ರತಿಕೃತಿಯ ಗುತ್ತಿಗೆ ದ್ಯಾಮಣ್ಣನದು ಎಂದು ಬೇರೆ ಹೇಳಬೇಕಿಲ್ಲ. ಅವನು ಅದನ್ನು ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರ ಪಕೀರಪ್ಪನಿಗೆ ಒಪ್ಪಿಸಿದ. ಪಕೀರಪ್ಪ ಬಂದು ದಾರ ಹಿಡಿದು ಮುದಿಯಪ್ಪನ ಮೂಗು, ಮೊಣಕಾಲು ಅಳೆದ. ಬಣ್ಣ ತಾಳೆ ನೋಡಲು ಅವನ ಟವೆಲ್ಲನ್ನೂ ಕೇಳಿ ಇಸಿದುಕೊಂಡ. ಅವನ ಮನೆ ಹುಲಗಮ್ಮನ ಮನೆಯಿಂದ ಎರಡು ಬಾಗಿಲು ಆಚೆ.

"ಅಕ್ಕಗ ಹೇಳಪಾ," ಎಂದ ಮುದಿಯಪ್ಪ. "ಗೊಂಬಿ ಬಂದ ದಿನಾನ ನಾ ಬಸ್ ಹತ್ತತೀನಿ ಅಂತ. ಅಲ್ಲಿತನಾ ತಡಕೋ ಅನ್ನು."

ಪಕೀರಪ್ಪ ಕೈಲಾದಷ್ಟು ಅವಸರ ಮಾಡಿದ. ಆದರೆ ಮರ ಒಣಗಬೇಕು, ಬಣ್ಣ ಹಿಡಿಯಬೇಕು. ಹದಿನೆಂಟನೇ ದಿನ ಗೊಂಬೆಯನ್ನು ಟವೆಲ್ಲು ಹೊದಿಸಿ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದಾಗ ಹುಲಗಮ್ಮನಿಗೆ ಉಸಿರು ಎಳೆಯತೊಡಗಿತು. ತಮ್ಮ ಬಂದನೇನು, ತಮ್ಮ ಬಂದನೇನು ಎಂದು ಒಂದೇ ಸಮನೆ ಕೇಳುತ್ತಿದ್ದಳು. ಅವಳ ಮಗ ಹೊರಗೆ ಬಂದವನು ಕಟ್ಟೆಯ ಮೇಲೆ ಕುಳಿತ ಮುದಿಯಪ್ಪನನ್ನು ಕಂಡ. ಅವನೂ ಪಕೀರಪ್ಪನೂ ಗೊಂಬೆಯನ್ನು ಎತ್ತಿ ಹಾಸಿಗೆಯ ಪಕ್ಕಕ್ಕೆ ತಂದು ಕೂಡಿಸಿದರು.

ಹುಲಗಮ್ಮ ಟವೆಲ್ಲು ಮುಟ್ಟಿದಳು, ಮೂಸಿದಳು. ಕುರಿಯ ವಾಸನೆ ಇನ್ನೂ ಇತ್ತು. ಮುಖದ ಮೇಲೆ ಕೈ ಆಡಿಸಿದಳು.

"ಬಂದ್ಯಾ ತಮ್ಮಾ. ಎಷ್ಟ್ ಬಡವಾಗೀಯೋ, ಬರೇ ಎಲುಬು."

ಅವನು ಮಾತಾಡಲಿಲ್ಲ. ಸಣ್ಣಂದಿನಿಂದಲೂ ತನ್ನ ಮುಂದೆ ಇವನಿಗೆ ಮಾತು ಕಮ್ಮಿ ಎಂದು ಮಗನಿಗೆ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಗೊಂಬೆಯ ಕೈ ಹಿಡಿದುಕೊಂಡೇ ಹೋದಳು.

ಮಣ್ಣಿಗೂ ಮುದಿಯಪ್ಪನಿಗೆ ಹೋಗಲಾಗಲಿಲ್ಲ, ಯಾಕೆಂದರೆ ಪ್ರತಿಕೃತಿ ಇನ್ನೂ ಕಿನ್ನಾಳದಲ್ಲಿಯೇ ಇತ್ತು. ಮರುದಿನ ಟ್ರ್ಯಾಕ್ಟರಿನಲ್ಲಿ ಅದನ್ನು ತಂದ ಪಕೀರಪ್ಪ ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತೆಂದು ಕಾಲು ಹಿಡಿದ. ಮುದಿಯಪ್ಪ ಅವನನ್ನು ಎಬ್ಬಿಸಿ, ಟವೆಲ್ಲು ವಾಪಸು ಕೊಡು ಎಂದಷ್ಟೇ ಕೇಳಿದ. ಅದು ಈಗ ಪ್ರತಿಕೃತಿಯ ಭಾಗ, ಬಿಲ್ಲಿನಲ್ಲಿ ಸೇರಿದೆ ಎಂದು ದ್ಯಾಮಣ್ಣ ತಿಳಿಸಿದ. ಆಗ ಮುದಿಯಪ್ಪ ಎಲ್ಲರ ಮುಂದೆ ಹುಡುಗನಂತೆ ಅತ್ತ.

ಮಂಡಳಿಯ ಅಂತಿಮ ಆದೇಶ ವಾರದೊಳಗೆ ಬಂತು, ಇಷ್ಟು ಬೇಗ ಹಿಂದೆಂದೂ ಬಂದಿರಲಿಲ್ಲ. "ಸದರಿ ಸ್ಮಾರಕವು ತನ್ನ ಅಧಿಕೃತ ಪ್ರತಿಕೃತಿಯ ಮೂಲಕ ಅಕ್ಕನನ್ನು ಖುದ್ದಾಗಿ ಭೇಟಿಯಾಗಿ, ಅಂತ್ಯಕಾಲದಲ್ಲಿ ಜೊತೆಗಿದ್ದುದು ವರದಿಯಾಗಿದೆ. ಉದ್ದೇಶ ಈಡೇರಿರುವುದರಿಂದ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ. ಒಂದೇ ಹೆಸರಿನ ಎರಡು ಗುರುತುಗಳನ್ನು ತಂತ್ರಾಂಶ ಸ್ವೀಕರಿಸದ ಕಾರಣ, ಜ್ವರ, ಮೂತ್ರ ಇತ್ಯಾದಿ ದೋಷಗಳಿಲ್ಲದ ಪ್ರತಿಯನ್ನು ಉಳಿಸಿಕೊಂಡು ಹಳೆಯದನ್ನು ಪಟ್ಟಿಯಿಂದ ತೆಗೆಯಲಾಗಿದೆ. ಹಳೆಯದು ನಿಷೇಧಿತ ವಲಯದೊಳಗೆ ಬರತಕ್ಕದ್ದಲ್ಲ."

ಸಾಲಿ ಉಳಿಯಿತು. ಬಸ್ಸು ನಿಲ್ಲುತ್ತದೆ. ಗೊಂಬೆ ಒಂದು ಚಿತ್ರವನ್ನೂ ತಪ್ಪಿಸಿಲ್ಲ. ಅಮಾವಾಸ್ಯೆಗೆ ಊರಿನ ಹೆಂಗಸರು ಅದರ ಮುಂದೆ ಕಾಯಿ ಒಡೆಯುತ್ತಾರೆ. ಮುದಿಯಪ್ಪ ನೂರಾ ಒಂದನೇ ಮೀಟರಿನಲ್ಲಿ, ನೆರಳಿಲ್ಲದ ಕಡೆ, ಬೇರೆ ಕಲ್ಲಿನ ಮೇಲೆ ಕೂಡುತ್ತಾನೆ.

ಮೊನ್ನೆ ಗಂಗಾವತಿ ಕಡೆಯ ಕಾರೊಂದು ಅವನ ಹತ್ತಿರ ನಿಂತು ಸಣ್ಣದಿನ್ನಿಗೆ ದಾರಿ ಕೇಳಿತು. ಮುದಿಯಪ್ಪ ಕೈ ತೋರಿಸಿದ.

"ಅಗಾ, ಅಲ್ಲಿ ಮುದಿಯಪ್ಪ ಕುಂತಾನಲ್ರಿ, ಅಲ್ಲೇ ಬಲಕ್ಕ ಹೊಳ್ಳರಿ."

ಕಾರಿನವರು ಆ ಕಡೆ ನೋಡಿ, ಯಾರವರು ಎಂದು ಕೇಳಿದರು.

"ಭಾಳ ಛಲೋ ಮನಿಷಾರಿ," ಎಂದ ಮುದಿಯಪ್ಪ. "ಅಕ್ಕ ಸಾಯೂ ಹೊತ್ತಿನ್ಯಾಗ ಕೈ ಹಿಡಕೊಂಡು ಕುಂತಿದ್ದ."