ಪ್ರಲ್ಹಾದರಾಯರ ಗರುಡ ಸೋರಿದ್ದು

"ಇವತ್ತು ಸಂಜಿಯೊಳಗ ಈ ಸೋರಿಕಿ ಹುಡುಕಿ ಬಂದ್ ಮಾಡ್ಲಿಲ್ಲಂದ್ರ ನಾ ಪ್ರಲ್ಹಾದನ ಅಲ್ಲ!"

ಹೀಗೆಂದು ಗುಡುಗಿದ ಪ್ರಲ್ಹಾದರಾಯರು ಪಡಸಾಲೆಯ ನಟ್ಟನಡುವೆ ನಿಂತು ಸ್ಕ್ರೂಡ್ರೈವರನ್ನು ಗದೆಯ ಹಾಗೆ ಹೆಗಲಿಗೇರಿಸಿದರು. ಎದುರಿಗೆ ಅವರ ಹಳೆಯ ಮೋಟಾರ್ ಸೈಕಲ್ಲು. ಅವರೇ ಇಟ್ಟ ಹೆಸರು ಗರುಡ. ಅದು ಸ್ಟ್ಯಾಂಡಿನ ಮೇಲೆ ನಿಂತು ತೊಟತೊಟ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

"ಮತ್ತ ಯಾರಾಗವ್ರು? ಈಗ ಹೇಳಿಬಿಡ್ರಿ. ರೇಶನ್ ಕಾರ್ಡಿನ್ಯಾಗ ಹೆಸರು ಬದಲ ಮಾಡಸಬೇಕಾಗ್ತದ," ಅಡುಗೆಮನೆಯಿಂದ ಹೆಂಡತಿ ವತ್ಸಲಾಬಾಯಿಯ ದನಿ ಬಂತು.

ರಾಯರಿಗೆ ಮೈಯೆಲ್ಲ ಉರಿಯಿತು. ಗರುಡ ಅಂದರೆ ಅಂಥಿಂಥ ಗಾಡಿಯೇ? ನೌಕರಿ ಹತ್ತಿದ ಹೊಸದರಲ್ಲಿ ಕೊಂಡದ್ದು. ಮೊದಲ ದೀಪಾವಳಿಗೆ ಬಬಲೇಶ್ವರದ ಮಾವನ ಮನೆಗೆ ಹೆಂಡತಿಯನ್ನು ಕೂಡಿಸಿಕೊಂಡು, ಗಾಳಿಯಲ್ಲಿ ಕ್ರಾಪು ಹಾರಿಸುತ್ತ ಹೋದದ್ದು ಇದರ ಮೇಲೆಯೇ. ಆ ಕ್ರಾಪು ಈಗಿಲ್ಲ, ಗರುಡ ಇದೆ! ಇಂಥ ರತ್ನವನ್ನು ಓಣಿಯಲ್ಲಿ ಬಿಟ್ಟರೆ ಕಳ್ಳರು ಬಿಟ್ಟಾರೆಯೇ? ಅದಕ್ಕೇ ಅದರ ಠಿಕಾಣಿ ಪಡಸಾಲೆಯಲ್ಲಿ. "ಅದನ್ನ ಕದಿಯಾಕ ಬಂದವಂಗ ಚಾ ಕುಡಿಸಿ, ದೂಡಾಕ ನಾನೂ ಕೈ ಹಚ್ತೀನಿ," ಎನ್ನುವುದು ವತ್ಸಲಾಬಾಯಿಯ ಹಳೆಯ ಮಾತು.

ಈ ಸಲ ಮಾತು ಚೇಷ್ಟೆಗೆ ನಿಂತಿರಲಿಲ್ಲ. ದಸರೆಯ ಖಂಡೆಪೂಜೆ, ಅಂದರೆ ಆಯುಧಪೂಜೆ, ಮುಗಿದು ಎರಡು ದಿನಕ್ಕೆ ಗರುಡ ಸೋರತೊಡಗಿತ್ತು. ಮನೆಯಲ್ಲಿ ಊದುಬತ್ತಿ ಹಚ್ಚುವ ಹಾಗಿಲ್ಲ. ಹಾಸಿಗೆಗೂ ಪೆಟ್ರೋಲ್ ವಾಸನೆ, ಹುಳಿಗೂ ಪೆಟ್ರೋಲ್ ವಾಸನೆ. ನಾಳೆ ನೋಡಿದರೆ ದೀಪಾವಳಿ!

"ಹಬ್ಬಕ್ಕ ದೀಪ ಹಚ್ಚಬೇಕೋ ಮನಿನ ಹಚ್ಚಬೇಕೋ ನೀವ ಹೇಳ್ರಿ. ದೀಪದ ಹೊತ್ತಿಗೆ ಇದು ನಿಲ್ಲಲಿಲ್ಲಂದ್ರ ಗಾಡಿ ಗೈಬುಸಾಬಣ್ಣನ ತೋಟಕ್ಕ ಹೋಗ್ತದ. ನಾ ಮಾತಾಡಿ ಮುಗಿಸೇನಿ," ಎಂದು ಬೆಳಿಗ್ಗೆಯೇ ತೀರ್ಪು ಹೊರಬಿದ್ದಿತ್ತು.

ಗೈಬುಸಾಬ ಪಕ್ಕದ ಮನೆಯವನು. ಟಿಕೋಟಾದಲ್ಲಿ ದ್ರಾಕ್ಷಿ ತೋಟವಿದೆ. ತೋಟದೊಳಗೆ ಔಷಧಿ ಹೊಡೆಯುವ ಪಂಪು ಹೇರಿಕೊಂಡು ಓಡಾಡಲು ಅವನಿಗೊಂದು ಹಳೆಯ ಗಾಡಿ ಬೇಕಿತ್ತು. ಗರುಡನ ಬೆನ್ನಿನ ಮೇಲೆ ಔಷಧಿ ಪಂಪು! ಆ ಚಿತ್ರ ಕಣ್ಣಮುಂದೆ ಬಂದದ್ದೇ ರಾಯರಲ್ಲಿ ಸಂಶಯ ಹೆಡೆಯೆತ್ತಿತು. ದಸರೆಯ ಮರುದಿನ ಗಾಡಿಯನ್ನು ಟಿಕೋಟಾಕ್ಕೆ ಒಯ್ದವನು ಯಾರು? ಇವನೇ! ಬೇಕೆಂತಲೇ ಕೆಡಿಸಿ, ಈಗ ಕೊಳ್ಳಲು ನಿಂತಿದ್ದಾನೆ!

ರಾಯರು ಬಾಗಿಲಿಗೆ ಬಂದು ಕೂಗಿದರು. "ಗೈಬುಸಾಬ! ನನ್ನ ಗಾಡಿಗೆ ಏನ ಮಾಡೀಯೋ?"

ಗೈಬುಸಾಬ ಹಲ್ಲುಜ್ಜುತ್ತಲೇ ಹೊರಬಂದ. "ಏನ ಮಾಡೇನ್ರೀ ಸರ? ಎಣ್ಣಿ ಹಾಕ್ಸಿ, ಒರಸಿ ತಂದಿಟ್ಟೇನಿ. ದಾರ್ಯಾಗ ಮೂರ ಸಲ ಬಂದ್ ಬಿತ್ತು, ನಾ ಹೇಳೇನೇನು ಯಾರ ಮುಂದರ?"

"ಬಂದ್ ಬಿತ್ತಂತ! ಗರುಡ ಬಂದ್ ಬೀಳೂದಿಲ್ಲೋ, ವಿಶ್ರಾಂತಿ ತಗೋತದ!"

ಬಾಗಿಲು ಧಡಾರನೆ ಮುಚ್ಚಿ ರಾಯರು ಶೋಧನೆಗೆ ಇಳಿದರು. ಗರುಡನಿಗೆ ಉಸಿರು ಕಟ್ಟೀತೆಂದು ತಾವೆಂದೂ ಮುಚ್ಚದ ಪೆಟ್ರೋಲ್ ನಳವನ್ನು ಈಗ ಬಂದ್ ಮಾಡಿದರು, ಸೋರಿಕೆ ನಿಂತಿತು. ತೆರೆದರು, ಮತ್ತೆ ತೊಟತೊಟ. ಅಂದರೆ ಟಾಕಿಯ ತಪ್ಪಲ್ಲ! ಕೆಳಗಿನ ಕಾರ್ಬುರೇಟರಿನ ಬಟ್ಟಲು ತುಂಬಿ ಹೊರಚೆಲ್ಲುತ್ತಿದೆ. ಮಾಳಿಗೆಯ ನೀರಿನ ಟಾಕಿಯಲ್ಲಿ ಚೆಂಡು ತೇಲಿ ನಳ ಮುಚ್ಚುತ್ತದಲ್ಲ, ಹಾಗೆ ಇಲ್ಲಿಯೂ ಒಂದು ತೇಲು, ಅದರ ತಲೆಯ ಮೇಲೊಂದು ಸೂಜಿ. ಆ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ. ರಾಯರಿಗೆ ತಮ್ಮ ಬುದ್ಧಿಯ ಬಗ್ಗೆ ತಮಗೇ ಗೌರವ ಬಂತು.

ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಟಕಟಕ ಬಡಿದರು. ಸೋರಿಕೆ ನಿಂತೇಬಿಟ್ಟಿತು!

"ಬಾ ಇಲ್ಲೆ! ನೋಡು! ಇದಕ್ಕ ತಲಿ ಬೇಕಾಗ್ತದ, ತಲಿ!"

ವತ್ಸಲಾಬಾಯಿ ಕೈಯೊರಸುತ್ತ ಬಂದು ಬಗ್ಗಿ ನೋಡಿದರು. ಟಪ್ಪೆಂದು ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಆಕೆಯ ಕಣ್ಣು ಹನಿ ಬಿದ್ದ ಕಡೆ ಹೋಗಿ ಅಲ್ಲಿಯೇ ನೆಟ್ಟಿತು.

"ಅಯ್ಯ! ಶಂಕರಪಾಳಿ ತುಂಬಾಕ ತೊಳದಿಟ್ಟ ಡಬ್ಬಿ ಇದು! ಇದಕ್ಕ ಪೆಟ್ರೋಲ ಹಿಡೀತೀರಿ? ನಾಳೆ ಬಂದವ್ರಿಗೆ ಏನಂತ ಕೊಡ್ಲಿ, ಒಂದ ಲೀಟರ್ ತಿನ್ರಿ ಅಂತನಾ?"

ಗಂಡನ ಪ್ರಾಣಸಂಕಟಕ್ಕಿಂತ ಡಬ್ಬಿ ದೊಡ್ಡದಾಯಿತೇ! ರಾಯರು ಹಲ್ಲು ಕಚ್ಚಿ ಬಟ್ಟಲಿನ ಸ್ಕ್ರೂ ಬಿಚ್ಚಿದರು. ತೇಲನ್ನು ಹಿಡಿದಿದ್ದ ಸಣ್ಣ ಕಡ್ಡಿ ಉರುಳಿ ಸೋಫಾದ ಕೆಳಗೆ ಹೋಯಿತು. ಹೊಟ್ಟೆಯ ಮೇಲೆ ಮಲಗಿ ಅದನ್ನು ಹೊರತೆಗೆದು, ಬೆವರೊರಸಿಕೊಂಡು, ಸೂಜಿ ಕೂರುವ ರಂಧ್ರಕ್ಕೆ ಬ್ಯಾಟರಿಯ ಬೆಳಕು ಬಿಟ್ಟರು. ಅಲ್ಲಿ ಏನೋ ಸಿಕ್ಕಿಬಿದ್ದಿತ್ತು. ಗುಂಡುಸೂಜಿಯಿಂದ ಮೀಟಿದರು. ಅಂಗೈ ಮೇಲೆ ಬಿದ್ದದ್ದು ಅರ್ಧ ಅಕ್ಕಿಕಾಳು!

ರಾಯರ ಮೂರನೆಯ ಕಣ್ಣು ತೆರೆಯಿತು. ಪೆಟ್ರೋಲಿನಲ್ಲಿ ಅಕ್ಕಿ! ಸೀಮೆಎಣ್ಣೆ ಬೆರೆಸುವುದು ಕೇಳಿದ್ದುಂಟು. ಅಕ್ಕಿ ಬೆರೆಸುವ ಕಾಲ ಬಂತೇ?

ಅವರು ಕಾಳನ್ನು ಕಾಗದದಲ್ಲಿ ಸುತ್ತಿಕೊಂಡು ಬೀದಿಗೆ ಬಂದರು. "ಬರ್ರೀ ಎಲ್ಲಾರೂ! ಬಂಕಿನವ್ರ ಕಲಬೆರಕಿ ಕೈಯಾಗ ಸಿಕ್ಕದ! ಗಾಂಧಿ ಚೌಕದಾಗ ನಿಂತು ಭಾಷಣ ಮಾಡ್ತೀನಿ! ಇವತ್ತು ಅಕ್ಕಿ, ನಾಳೆ ಬ್ಯಾಳಿ ಹಾಕ್ತಾರ! ನಮ್ಮ ಗಾಡಿ ಏನ ಖಿಚಡಿ ಪಾತೇಲಿ ಅದ ಏನು?"

ಓಣಿಯೆಲ್ಲ ಕೂಡಿತು. ಗೈಬುಸಾಬನೂ ಬಂದು, ಕಾಗದ ಇಸಿದುಕೊಂಡು, ಕಾಳನ್ನು ಬಿಸಿಲಿಗೆ ಹಿಡಿದ.

"ಸರ, ಈ ಅಕ್ಕಿ ಕೆಂಪ ಐತ್ರಿ."

"ಕೆಂಪ ಇರಲಿ, ಹಸರ ಇರಲಿ, ಕಲಬೆರಕಿ ಕಲಬೆರಕಿನ!"

ವತ್ಸಲಾಬಾಯಿ ಮುಂದೆ ಬಂದು ಕಾಳನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು.

"ಇದು ನಾ ಖಂಡೆಪೂಜಿಗೆ ಕುಂಕುಮ ಕಲಸಿಟ್ಟ ಅಕ್ಷತಿ. ಗಾಡಿಯೊಳಗ ಹ್ಯಾಂಗ ಹೋತು?"

ರಾಯರಿಗೆ ಎಲ್ಲ ನೆನಪಾಯಿತು. ಖಂಡೆಪೂಜೆಯ ದಿನ ಗರುಡನಿಗೆ ಹಾರ ಹಾಕಿ, ನಿಂಬೆಹಣ್ಣು ಕಟ್ಟಿ ಅಕ್ಷತೆ ಹಾಕಿದಾಗ ಫ್ಯಾನಿನ ಗಾಳಿಗೆ ಅದೆಲ್ಲ ಹಾರಿಹೋಗಿತ್ತು. ಆಶೀರ್ವಾದ ಹೀಗೆ ಹಾರಿಹೋದರೆ ಹೇಗೆ? ಟಾಕಿಯ ಮುಚ್ಚಳ ತೆಗೆದು, ಮಂತ್ರ ಹೇಳಿ, ಒಂದು ಹಿಡಿ ಅಕ್ಷತೆಯನ್ನು ನೇರ ಒಳಗೇ ಸುರಿದಿದ್ದರು! ಕಸ ತಡೆಯಲು ನಳದಲ್ಲೊಂದು ಜಾಳಿಗೆ ಇರುತ್ತದೆ, ನಿಜ. ಗರುಡನ ವೇಗಕ್ಕೆ ಅಡ್ಡಿಯೆಂದು ಅದನ್ನು ಹೋದ ವರ್ಷ ಕಿತ್ತೆಸೆದವರೂ ಅವರೇ.

"ಅದು... ಹೊಟ್ಟಿಗೆ ಬಿದ್ದ ಆಶೀರ್ವಾದ ಕಾಯಂ ಇರ್ತದಂತ..."

ಓಣಿ ಬಿದ್ದು ಬಿದ್ದು ನಕ್ಕಿತು.

ಸಂಜೆಯೊಳಗೆ ರಾಯರು ಟಾಕಿ ಬರಿದು ಮಾಡಿ, ಅಕ್ಷತೆ ಬಳಿದು ತೆಗೆದು, ಹೊಸ ಜಾಳಿಗೆ ಕೂಡಿಸಿ ಎಲ್ಲವನ್ನೂ ಮತ್ತೆ ಜೋಡಿಸಿದರು. ಗರುಡ ಒಂದು ಹನಿಯನ್ನೂ ಬಿಡಲಿಲ್ಲ. ಬಾಗಿಲು ಕಿಟಕಿ ತೆರೆದು, ವಾಸನೆ ಪೂರ್ತಿ ಹೋಗಿ, ವತ್ಸಲಾಬಾಯಿ ದೇವರ ಮುಂದೆ ದೀಪ ಹಚ್ಚಿದರು.

"ಹುಡುಕಿದ್ನೋ ಇಲ್ಲೋ?" ರಾಯರು ಮೀಸೆಗೆ ಕೈ ಹಾಕಿದರು.

"ಹುಡುಕಿದ್ರಿ. ಇಟ್ಟವ್ರಿಗೆ ಹುಡುಕೂದೇನು ತ್ರಾಸು?"

ಅಷ್ಟರಲ್ಲಿ ಗಾಡಿ ಒಯ್ಯಲು ಗೈಬುಸಾಬ ಬಂದ. ವತ್ಸಲಾಬಾಯಿ ಅವನಿಗೆ ಶಂಕರಪಾಳಿ ಕೊಟ್ಟು ಹೇಳಿದರು. "ಗಾಡಿ ಕೊಡೂದಿಲ್ಲ ಬಿಡಣ್ಣ. ಪಾಪ, ಅದರದೇನೂ ತಪ್ಪಿಲ್ಲ. ಬೇಕಿದ್ರ ಇವರನ್ನ ಒಯ್ಯಿ."

ಗೈಬುಸಾಬ ಶಂಕರಪಾಳಿ ಕಡಿಯುತ್ತ ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬ್ಯಾಡ್ರಿ ವೈನಿ. ತ್ವಾಟದಾಗ ಹೊಸಾ ಬೋರ್‌ವೆಲ್ಲಿಗೆ ಪೂಜಿ ಮಾಡಿ ಅಕ್ಷತಿ ಹಾಕೂದು ಇನ್ನ ಐತ್ರಿ."